ಮೆಟ್ಟಿಲ ಮೇಲಿನ ಜುಲೈ

ಸೋಮವಾರ ಸಂಜೆಯಾಯಿತೆಂದರೆ ಗೇನರ್ ಡೌಸ್ ಮನೆಯಲ್ಲಿ ಯಾರೂ ಮಹಡಿ ಹತ್ತುವ ಹಾಗಿಲ್ಲ. ಮೆಟ್ಟಿಲ ತುಂಬ ಹಳೆಯ ರೆಕಾರ್ಡುಗಳು. ಯಾವುದೋ ಕಾಲದ ಒಂದು ವಾರವನ್ನು ಆರಿಸಿಕೊಂಡು, ಆ ವಾರ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡುಗಳನ್ನು ಅವಳು ನಂಬರಿನ ಪ್ರಕಾರ ಜೋಡಿಸುತ್ತಾಳೆ. ಒಂದನೇ ನಂಬರಿನದು ತುತ್ತತುದಿಯಲ್ಲಿ ಒಂಟಿಯಾಗಿ ಬೀಗುತ್ತಾ ಕೂತಿದ್ದರೆ, ಉಳಿದವು ಕೆಳಗಿನ ಮೆಟ್ಟಿಲುಗಳಲ್ಲಿ ಒತ್ತೊತ್ತಾಗಿ ಕೂರುತ್ತವೆ. ತನ್ನ ಬಳಿ ಇಲ್ಲದ ಹಾಡಿನ ಜಾಗಕ್ಕೆ ಪಬ್ಬಿನಿಂದ ಎತ್ತಿಕೊಂಡು ಬಂದ ಬಿಯರ್ ಗ್ಲಾಸಿನಡಿ ಇಡುವ ರಟ್ಟು. ಮೊದಲು ಹಿಂದಿನ ವಾರದ ಲೆಕ್ಕದಲ್ಲಿ ಇಟ್ಟು, ಆಮೇಲೆ ಒಂದೊಂದನ್ನೇ ಕೈಯಲ್ಲಿ ಹಿಡಿದು ಹೊಸ ಜಾಗಕ್ಕೆ ಏರಿಸುವುದು, ಇಳಿಸುವುದು. ಅರವತ್ತು ದಾಟಿದ ಹೆಂಗಸು ಹೀಗೆ ಮೆಟ್ಟಿಲ ಮೇಲೆ ಕುಪ್ಪಳಿಸುವುದನ್ನು ನೋಡಿದರೆ ಇಂಗ್ಲೆಂಡಿನ ಈ ನಮ್ಮ ಗ್ರಿಮ್ಸ್‌ಬಿಯಲ್ಲಿ ಯಾರಾದರೂ ನಗುತ್ತಾರೆ. ನಗಲಿ ಬಿಡಿ.

"ಏ ಗೇನರ್, ಬಾತ್‌ರೂಮು ಇರೋದು ಮೇಲೆ ಕಣೇ," ಎಂದು ಕೆಳಗೆ ನಿಂತು ಗೋಳಾಡುವವನು ಅವಳ ಗಂಡ ನೆವಿಲ್. ಮೀನು ಮಂಡಿಯಲ್ಲಿ ದುಡಿದು ನಿವೃತ್ತನಾದವನು.

"ತಡ್ಕೊ. ಹನ್ನೆರಡನೇ ನಂಬರು ಇನ್ನೂ ಎಲ್ಲಿ ಕೂರ್ಬೇಕು ಅಂತ ಗೊತ್ತಾಗಿಲ್ಲ."

"ಅದು ಕೂರೋದ್ರೊಳಗೆ ನಾನು ಇಲ್ಲೇ ಕೂರ್ತೀನಿ ಅಷ್ಟೆ!"

ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಕಸ್ಟರ್ಡ್ ಕಲಕುತ್ತಾ ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ಕಳೆದ ಗೇನರ್‌ಗೆ ಈ ಹುಚ್ಚು ಹಿಡಿದದ್ದು ತಾನೇ ಶಾಲೆಗೆ ಹೋಗುತ್ತಿದ್ದಾಗ. ಆಗೆಲ್ಲ ಮಂಗಳವಾರ ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೋದಲ್ಲಿ ಹೊಸ ಪಟ್ಟಿ ಓದುತ್ತಿದ್ದರು. ಅಂಗಳದ ಮೂಲೆಯಲ್ಲಿ ಒಂದು ಪುಟ್ಟ ಟ್ರಾನ್ಸಿಸ್ಟರಿಗೆ ಹತ್ತಾರು ಹುಡುಗಿಯರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಕೊಳ್ಳುತ್ತಿದ್ದರು. ಉಳಿದವರಿಗೆ ಒಂದನೇ ನಂಬರು ಗೊತ್ತಾದರೆ ಸಾಕು. ಗೇನರ್‌ಗೆ ಬೇಕಾದದ್ದು ಬೇರೆ. "ಗೆದ್ದವನ ಕಥೆ ಊರಿಗೇ ಗೊತ್ತು. ಇಪ್ಪತ್ತರಿಂದ ನಲವತ್ತಕ್ಕೆ ಬಿದ್ದನಲ್ಲ, ಅವನಿಗೆ ಏನಾಯ್ತು?" ಎಂದು ಅಂದೂ ಕೇಳುತ್ತಿದ್ದಳು, ಇಂದೂ ಕೇಳುತ್ತಾಳೆ.

ಈಗ ಮಂಗಳವಾರ ಮಧ್ಯಾಹ್ನ ಆ ಪಟ್ಟಿ ಓದುವವಳು ಅವಳೇ. ನಮ್ಮೂರ ಆಸ್ಪತ್ರೆಯ ರೇಡಿಯೋದಲ್ಲಿ, ಸಂಬಳವಿಲ್ಲದ ಸೇವೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಗೂಡು ಅವಳ ಸ್ಟುಡಿಯೋ. ಅವಳ ದನಿ ಮಂಚದ ತಲೆದಿಸೆಯಲ್ಲಿ ತೂಗುಹಾಕಿರುವ ಹೆಡ್‌ಫೋನುಗಳಲ್ಲಿ ಮಾತ್ರ ಕೇಳುತ್ತದೆ. ಆಸ್ಪತ್ರೆಯ ಗೇಟು ದಾಟಿದರೆ ಇಲ್ಲ. ಬೆಳಿಗ್ಗೆ ವಾರ್ಡುಗಳನ್ನು ಸುತ್ತಿ, ಯಾವ ವರ್ಷದ ಯಾವ ವಾರ ಬೇಕೆಂದು ರೋಗಿಗಳನ್ನು ಕೇಳುವುದು ಅವಳ ಪದ್ಧತಿ. ಒಬ್ಬಳಿಗೆ ಮದುವೆಯಾದ ವಾರ, ಇನ್ನೊಬ್ಬನಿಗೆ ಸೈನ್ಯದಿಂದ ಮರಳಿದ ವಾರ. ಬೇಡ ಎಂದವರು ಇರಲಿಲ್ಲ, ಕ್ಲೈವ್ ಸವರ್ಬಿ ಬಂದು ಮಲಗುವ ತನಕ.

ಕ್ಲೈವ್ ಎಪ್ಪತ್ತರ ಮುದುಕ. ಮನೆಯ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಮುಗಿದಿತ್ತು.

"ಯಾವ ವಾರ ಬೇಕಾದ್ರೂ ಹಾಕಮ್ಮ," ಎಂದ. "ಎಪ್ಪತ್ತಾರರ ಜುಲೈ ಎರಡನೇ ವಾರ ಒಂದು ಬಿಟ್ಟು."

ಬೆಕ್ಕಿಗೆ ಹಾಲು ತೋರಿಸಿ ಮುಟ್ಟಬೇಡ ಅಂದ ಹಾಗಾಯಿತು. ಗೇನರ್ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಸವರ್ಬಿ ಅಂದ್ರೆ... ಸವರ್ಬಿ ಬ್ರದರ್ಸ್? 'ಉಪ್ಪುಗಾಳಿ'?"

"ಹೂಂ. ಅದೇ ದರಿದ್ರ ಹಾಡು."

ನಮ್ಮೂರಿನಿಂದ ಪಟ್ಟಿ ಹತ್ತಿದ ಹಾಡು ಅದು. ಕ್ಲೈವ್‌ನದು ಡ್ರಮ್ಮು, ತಮ್ಮ ಮೆಲ್ವಿನ್‌ನದು ಕಂಠ. ನಲವತ್ತೆರಡಕ್ಕೆ ಬಂತು, ಮೂವತ್ತಮೂರಕ್ಕೆ ಏರಿತು, ಆಮೇಲೆ ಇಪ್ಪತ್ತೆರಡು. ಇನ್ನೊಂದು ಮೆಟ್ಟಿಲು ಹತ್ತಿದರೆ ಗುರುವಾರದ ಟೀವಿ ಕಾರ್ಯಕ್ರಮಕ್ಕೆ ಕರೆಯುತ್ತೇವೆಂದು ಹೇಳಿಕಳಿಸಿದ್ದರು. ಅಮ್ಮ ಇಬ್ಬರಿಗೂ ಸ್ಯಾಟಿನ್ ಅಂಗಿ ಹೊಲಿದಿಟ್ಟಿದ್ದಳು. ಆ ಭಾನುವಾರ ಕ್ಲೀಥಾರ್ಪ್ಸ್ ಕಡಲತೀರಕ್ಕೆ ರೇಡಿಯೋದವರು ಬಂದರು. ನಮ್ಮ ಕಡೆ ಯಾರೂ ಕಂಡು ಕೇಳರಿಯದ ಬಿಸಿಲು. ಬೆಳಗಿನಿಂದ ಬಿಯರ್ ಕುಡಿದಿದ್ದ ಮೆಲ್ವಿನ್, ವೇದಿಕೆಯ ಮೇಲೆ ಸಾವಿರಾರು ಜನರೆದುರು, ದೊಡ್ಡ ಹೆಸರಿನ ನಿರೂಪಕನ ಗುಂಗುರು ಕೂದಲಿನ ಮೇಲೆ ತನ್ನ ಐಸ್‌ಕ್ರೀಮ್ ಕೋನನ್ನು ತಲೆಕೆಳಗಾಗಿ ನೆಟ್ಟುಬಿಟ್ಟ.

"ಮುಂದಿನ ಪಟ್ಟಿಯಲ್ಲಿ ಮೂವತ್ತೊಂಬತ್ತು," ಎಂದ ಕ್ಲೈವ್. "ಅದರ ಮುಂದಿನದ್ರಲ್ಲಿ ಹೆಸರೇ ಇಲ್ಲ. ರೇಡಿಯೋದವರ ಮೂತಿಗೆ ಐಸ್‌ಕ್ರೀಮ್ ಮೆತ್ತಿದ್ರೆ ಹಾಡು ಹಾಕ್ತಾರಾ? ನಮ್ಮ ಬಾಯಿಗೆ ಮಣ್ಣು ಹಾಕ್ದ ಅಂತ ಎಲ್ಲರ ಮುಂದೆ ಅಂದೆ. ಅವನು ಎದ್ದು ಹೋದ. ಅಷ್ಟೇ."

"ಆವತ್ತಿಂದ ಮಾತಿಲ್ವಾ? ಅಮ್ಮ ತೀರಿಕೊಂಡಾಗ?"

"ಅವನು ಚರ್ಚಿನ ಆ ಕಡೆ ನಿಂತಿದ್ದ. ನಾನು ಈ ಕಡೆ."

ಅಷ್ಟರಲ್ಲಿ ನರ್ಸ್ ಬಂದು ಹಿಂದಿನ ದಿನದ ಪ್ರಶ್ನೆಯನ್ನೇ ಕೇಳಿದಳು. "ತಾತ, ಮನೇಲಿ ನೋಡ್ಕೊಳ್ಳೋಕೆ ಯಾರಿದಾರೆ? ಮೆಟ್ಟಿಲಿರೋ ಮನೆಗೆ ಒಬ್ಬರನ್ನೇ ಕಳಿಸಕ್ಕಾಗಲ್ಲ. ಇಲ್ಲಾಂದ್ರೆ ವೃದ್ಧಾಶ್ರಮಕ್ಕೆ ಬರೆದುಕೊಡ್ಬೇಕಾಗುತ್ತೆ."

"ಯಾರೂ ಇಲ್ಲ," ಎಂದು ಕ್ಲೈವ್ ಗೋಡೆಯ ಕಡೆ ಮುಖ ತಿರುಗಿಸಿದ. ಒಡಹುಟ್ಟಿದವನು ಒಂದೇ ಬಸ್ಸಿನ ದೂರದಲ್ಲಿದ್ದ. ಫ್ರೀಮನ್ ರಸ್ತೆಯ ಮಾರುಕಟ್ಟೆಯಲ್ಲಿ ಚಪ್ಪಲಿ ಹೊಲಿದು, ಬೀಗದ ಕೈ ಮಾಡಿಕೊಡುವ ಮೆಲ್ವಿನ್‌ನನ್ನು ಅರಿಯದವರಿಲ್ಲ. 'ಕೋನ್ ಮೆಲ್ವಿನ್' ಎಂದೇ ಊರು ಕರೆಯುವುದು. ಜನ ಮರೆತಾರು, ಅಡ್ಡಹೆಸರು ಮರೆಯುವುದಿಲ್ಲ.

ಗೇನರ್‌ಗೆ ವಾರವಿಡೀ ಊಟ ರುಚಿಸಲಿಲ್ಲ. ಮುಂದಿನ ಸೋಮವಾರ ಸಂಜೆ ಮೆಟ್ಟಿಲ ಮೇಲೆ ಬೇಡವೆಂದ ಆ ಜುಲೈಯೇ ಬಂದು ಕೂತಿತ್ತು. 'ಉಪ್ಪುಗಾಳಿ'ಯನ್ನು ಇಪ್ಪತ್ತೆರಡರಿಂದ ಎತ್ತಿ ಕೆಳಗಿಳಿಸಿದಳು. ಇನ್ನೊಂದನ್ನು ಎತ್ತಿದಳು, ಅದೂ ಕೆಳಗೆ. ಮತ್ತೊಂದು, ಅದೂ ಕೆಳಗೆ. ತಲೆಯೆತ್ತಿ ಇಡೀ ಮೆಟ್ಟಿಲ ಸಾಲನ್ನು ನೋಡಿದಳು. ಕೆಂಪು ಚೀಟಿಯ ರೆಕಾರ್ಡುಗಳು ಕೆಲವು ಹತ್ತಿದ್ದವು, ಕೆಲವು ಇಳಿದಿದ್ದವು. ನೀಲಿಯವೂ ಹಾಗೆಯೇ. ಆದರೆ ನಡುವೆ ಹಸಿರು ಚೀಟಿ ಅಂಟಿಸಿದವು ಮಾತ್ರ, ಪ್ರೇಮಗೀತೆಯಿರಲಿ ಕುಣಿಯುವ ಹಾಡಿರಲಿ, ಒಂದೂ ತಪ್ಪದೆ ಕೆಳಗೆ ಜಾರಿದ್ದವು. ಹಸಿರು ಎಂದರೆ ಒಂದೇ ಕಂಪನಿ, 'ಉಪ್ಪುಗಾಳಿ'ಯದೂ ಅದೇ.

"ಇವರೆಲ್ಲರೂ ಅದೇ ವಾರ ಯಾರ ತಲೆ ಮೇಲೆ ಐಸ್‌ಕ್ರೀಮ್ ಇಟ್ರು?" ಎಂದು ಗಟ್ಟಿಯಾಗಿಯೇ ಕೇಳಿದಳು.

ಉತ್ತರ ಬಂದದ್ದು ಬಾಗಿಲಿನಿಂದ. ಆಸ್ಪತ್ರೆಯಲ್ಲಿ ಟೀ ಗಾಡಿ ತಳ್ಳುವ ಗೆಳತಿ ಬೆರಿಲ್, ಕಡುಬಿನ ತಟ್ಟೆ ಹಿಂತಿರುಗಿಸಲು ಬಂದವಳು, ಮೆಟ್ಟಿಲ ಬುಡದಲ್ಲೇ ನಿಂತಳು. "ಅಯ್ಯೋ, ನನ್ನ ಹಸಿರು ಮಕ್ಕಳು! ಇವೆಲ್ಲ ನಾವು ಒತ್ತಿದ್ದು ಕಣೆ."

ಮದುವೆಯಾಗಿ ಇಲ್ಲಿಗೆ ಬರುವ ಮುಂಚೆ ಬೆರಿಲ್ ಲಂಡನ್ ಪಕ್ಕದ ರೆಕಾರ್ಡ್ ಕಾರ್ಖಾನೆಯಲ್ಲಿದ್ದಳೆಂದು ಗೇನರ್‌ಗೆ ಗೊತ್ತಿತ್ತು. ಅಲ್ಲಿ ಕಾಲು ನೋವು ಬಂತೆಂಬುದು ಬಿಟ್ಟರೆ ಇನ್ನೇನೂ ಕೇಳಿರಲಿಲ್ಲ.

"ಎಪ್ಪತ್ತಾರರ ಜುಲೈ?" ಎಂದಳು ಬೆರಿಲ್. "ಆವಾಗ ನಾವು ಒಳಗೇ ಇರ್ಲಿಲ್ಲ! ಒತ್ತೋ ಯಂತ್ರಕ್ಕೆ ಹಬೆ ಬಿಡ್ತಾರೆ ಗೊತ್ತಾ? ಹೊರಗೆ ಆ ಬಿಸಿಲು, ಒಳಗೆ ಹಬೆ. ನನ್ನ ಪಕ್ಕದವಳು ದೊಪ್ಪಂತ ಬಿದ್ಲು. ಅಷ್ಟೆ, ಎಲ್ಲಾ ಹೆಂಗಸರೂ ಕೈ ಒರೆಸ್ಕೊಂಡು ಹೊರಗೆ ಬಂದ್ವಿ. ಫ್ಯಾನ್ ಹಾಕಿಸೋ ತನಕ ಒಳಗೆ ಕಾಲಿಡಲ್ಲ ಅಂತ ಹುಲ್ಲಿನ ಮೇಲೆ ಕೂತ್ವಿ. ಒಂದೇ ಒಂದು ರೆಕಾರ್ಡು ಆಚೆ ಹೋಗ್ಲಿಲ್ಲ. ಅಂಗಡಿಯವರು ಫೋನ್ ಮಾಡಿ ಮಾಡಿ ಸೋತ್ರು."

ಗೇನರ್ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹದಿನಾರರ ಹುಡುಗಿಯಾಗಿ ಆ ಶನಿವಾರ ತಾನೇ ಹೋಗಿದ್ದ ಅಂಗಡಿ ನೆನಪಾಯಿತು. 'ಉಪ್ಪುಗಾಳಿ' ಕೇಳಿದ್ದಕ್ಕೆ ಅಂಗಡಿಯವ "ಖಾಲಿ ಪುಟ್ಟಿ, ಮುಂದಿನ ವಾರ ಬಾ" ಎಂದಿದ್ದ. ಅದನ್ನು ಪಕ್ಕಾ ಮರೆತು, ಮಂಗಳವಾರ ಪಟ್ಟಿ ಕೇಳಿ, "ಸವರ್ಬಿಗಳ ಕಥೆ ಮುಗೀತು, ಜನಕ್ಕೆ ಬೇಡವಾಯ್ತು" ಎಂದು ಅಂಗಳದಲ್ಲಿ ಎಲ್ಲರಿಗಿಂತ ಮೊದಲು ಸಾರಿದವಳೂ ಅವಳೇ. ಪಟ್ಟಿಯ ಹುಚ್ಚಿನವರೆಲ್ಲ ಮಾಡುವ ತಪ್ಪು ಇದು. ಹಾಡು ಬಿದ್ದರೆ ಜನಕ್ಕೆ ಹಿಡಿಸಲಿಲ್ಲ ಎಂದೇ ತೀರ್ಮಾನ. ಕೊಳ್ಳಲು ಅಂಗಡಿಯಲ್ಲಿ ಇತ್ತೇ ಎಂದು ಯಾರು ಕೇಳುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಬರೆ ಬಿದ್ದದ್ದು ಮೆಲ್ವಿನ್‌ಗೆ.

"ಈಗ್ಲೇ ಹೋಗಿ ಆ ಮುದುಕನಿಗೆ ಹೇಳು," ಎಂದಳು ಕ್ಲೈವ್‌ನ ಕಥೆ ಕೇಳಿಸಿಕೊಂಡ ಬೆರಿಲ್.

"ಒಬ್ಬನಿಗೆ ಹೇಳಿದ್ರೆ ಇನ್ನೊಬ್ಬನ ಹತ್ರ ಹೋಗಿ ಅವನು ಹೇಳ್ತಾನಾ? ಇಬ್ಬರೂ ಒಟ್ಟಿಗೆ ಕೇಳ್ಬೇಕು. ನಮ್ಮ ರೇಡಿಯೋ ಗೇಟಿನಾಚೆ ಕೇಳ್ಸಲ್ಲ. ಮೆಲ್ವಿನ್ ಒಳಗೆ ಬರ್ಲೇಬೇಕು."

ಕಾರಣ ನಿಜವೇ. ಆದರೆ ಒಂದನೇ ನಂಬರನ್ನು ಮೊದಲೇ ಹೇಳಿಬಿಟ್ಟರೆ ಮಜವೇನು ಎಂಬ ಹಳೆಯ ಚಪಲವೂ ಅದರಲ್ಲಿ ಇಷ್ಟು ಬೆರೆತಿತ್ತು.

ಮಂಗಳವಾರ ಬೆಳಿಗ್ಗೆ ಮೊದಲು ಮಾರುಕಟ್ಟೆಗೆ ಹೋದಳು. ಮೆಲ್ವಿನ್ ಯಾರದೋ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದ. ಅಣ್ಣನ ಸೊಂಟದ ಸುದ್ದಿ ಕೇಳಿ ಸುತ್ತಿಗೆ ನಿಂತಿತು.

"ನಾನು ಹೋದ್ರೆ ಇನ್ನೊಂದು ಕಡೆ ಮೂಳೆನೂ ಮುರ್ಕೊಳ್ತಾನೆ, ಅಷ್ಟೆ," ಎಂದ.

"ಆ ವಾರದ ಪಟ್ಟಿ ಇವತ್ತು ಓದ್ತಿದೀನಿ. ಅದ್ರಲ್ಲಿ ನೀವು ಕೇಳಿರದ ಒಂದು ವಿಷಯ ಇದೆ."

"ಆ ವಾರದಲ್ಲಿ ನಾನು ಕೇಳಿರದ್ದು? ಊರು ಇಷ್ಟು ವರ್ಷ ಅದನ್ನೇ ಹಾಡಿದೆಯಲ್ಲಮ್ಮ ನನ್ನ ಹಿಂದೆ." ಮತ್ತೆ ಮೊಳೆ ಹೊಡೆಯತೊಡಗಿದ. ಗೇನರ್ ಅಷ್ಟು ದೂರ ಹೋದ ಮೇಲೆ ಹಿಂದಿನಿಂದ ಕೂಗಿದ. "ಎಷ್ಟು ಹೊತ್ತಿಗೆ?"

ಕ್ಲೈವ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ಬೇಡ ಅಂದಿದ್ದೆ ತಾನೇ? ಏನು ರೋಗ ನಿನಗೆ?"

"ಕುತೂಹಲ. ಅದಕ್ಕೆ ಈ ಆಸ್ಪತ್ರೇಲೂ ಮದ್ದಿಲ್ಲ. ಸಿಟ್ಟು ಬಂದ್ರೆ ಕಿವಿಯಿಂದ ಕಿತ್ತೆಸೀರಿ. ಆದ್ರೆ ನಿಮ್ಮ ಹಾಡು ಬರೋ ತನಕ ಕೇಳಿ."

ಮಧ್ಯಾಹ್ನ ಗೂಡಿನಲ್ಲಿ ಕೂತು, 'ಉಪ್ಪುಗಾಳಿ'ಯೊಂದನ್ನು ಕೊನೆಗಿಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದಳು. ಅವಳ ದನಿ ಎಂದಿನಂತಿರಲಿಲ್ಲ. ಹಸಿರು ಚೀಟಿಯ ಪ್ರತಿ ಹಾಡಿಗೂ "ಇದೂ ಬಿತ್ತು" ಎಂದಳು. ರೋಗಿಗಳೆಲ್ಲ ಇದೇನೆಂದು ಕಿವಿಗೊಟ್ಟರು. ಆಮೇಲೆ ಬೆರಿಲ್‌ಳ ಕಾರ್ಖಾನೆಯ ಕಥೆ, ಹಬೆ, ಹುಲ್ಲಿನ ಮೇಲೆ ಕೂತ ಹೆಂಗಸರು, ಖಾಲಿ ಅಂಗಡಿ, ಎಲ್ಲ ಹೇಳಿದಳು. ಕೊನೆಗೆ, "ಈ ಊರಿನ ಹಾಡನ್ನ ಯಾರೂ ಬೀಳಿಸ್ಲಿಲ್ಲ. ಕೊಳ್ಳೋಕೆ ಹೋದವರಿಗೆ ಸಿಗ್ಲಿಲ್ಲ, ಅಷ್ಟೆ. ಹೋದವರಲ್ಲಿ ನಾನೂ ಒಬ್ಬಳು," ಎಂದು 'ಉಪ್ಪುಗಾಳಿ' ಹಾಕಿ, ಕುರ್ಚಿ ಬಿಟ್ಟು ಓಡಿದಳು. ಸ್ಟುಡಿಯೋವನ್ನು ಹಾಗೆ ಬಿಟ್ಟು ಬರಬಾರದು ಎಂಬ ನಿಯಮವಿದೆ. ನಿಯಮ ಯಾರಿಗೆ ಬೇಕಿತ್ತು?

ಏದುಸಿರು ಬಿಡುತ್ತಾ ವಾರ್ಡಿನ ಬಾಗಿಲಿಗೆ ಬಂದಾಗ ಬೆರಿಲ್ ಟೀ ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೆಲ್ವಿನ್ ಬಂದಿದ್ದ. ಮಂಚಕ್ಕೊಂದೇ ಹೆಡ್‌ಫೋನು. ಅದನ್ನು ಅಗಲಿಸಿ, ಒಂದು ಬದಿಯನ್ನು ಅಣ್ಣನ ಕಿವಿಗೂ ಇನ್ನೊಂದನ್ನು ತಮ್ಮನ ಕಿವಿಗೂ ಬೆರಿಲ್ ತಾನೇ ಒತ್ತಿದ್ದಳಂತೆ. ಎರಡು ಬೋಳು ತಲೆಗಳು ಹತ್ತಿರ ಹತ್ತಿರ ಬಾಗಿದ್ದವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೊದಲು ಬಾಯಿ ಬಿಟ್ಟವನು ಮೆಲ್ವಿನ್. "ಹಾಗಾದ್ರೆ... ನನ್ನಿಂದ ಅಲ್ವಾ?"

ಅಣ್ಣ ಹೊರಿಸಿದ ತಪ್ಪನ್ನು ತಮ್ಮ ಒಪ್ಪಿಕೊಂಡಿರಲಿಲ್ಲ, ಅದಕ್ಕೇ ಮಾತು ಬಿಟ್ಟಿದ್ದ ಎಂದೇ ಗೇನರ್ ತಿಳಿದಿದ್ದಳು. ಊರೂ ಹಾಗೇ ತಿಳಿದಿತ್ತು. ಅವನು ಆ ತಪ್ಪನ್ನು ಅಣ್ಣನಿಗಿಂತ ಹೆಚ್ಚಾಗಿ ನಂಬಿ, ಆಮೇಲೆ ಎಲ್ಲೂ ಒಂದು ಸಾಲೂ ಹಾಡದೆ ಬದುಕಿದ್ದ.

"ಅಲ್ಲ ಕಣೋ. ನೀನಲ್ಲ. ನಾನು ಅಷ್ಟು ಜನರ ಮುಂದೆ ಅನ್ಬಾರ್ದಿತ್ತು," ಎಂದ ಕ್ಲೈವ್. ಆಮೇಲೆ, "ಐಸ್‌ಕ್ರೀಮ್ ಮಾತ್ರ ನೀನೇ," ಎಂದ.

"ಐಸ್‌ಕ್ರೀಮ್ ನಾನೇ," ಎಂದು ಮೆಲ್ವಿನ್ ಒಪ್ಪಿಕೊಂಡ.

ಹಾಡು ಯಾವಾಗಲೋ ಮುಗಿದಿತ್ತು. ಆಸ್ಪತ್ರೆಯ ಎಲ್ಲ ಕಿವಿಗಳಲ್ಲೂ ಮುಳ್ಳು ಖಾಲಿ ಗೆರೆಯಲ್ಲಿ ತಿರುಗುವ ಸದ್ದು ಮಾತ್ರ. ನರ್ಸ್ ಕೈಯಲ್ಲಿ ಕಾಗದ ಹಿಡಿದು ಬಂದು, ಬೇಸರದಲ್ಲೇ ಮತ್ತೆ ಕೇಳಿದಳು. "ತಾತ, ಆಶ್ರಮಕ್ಕೆ ಬರೆದುಬಿಡ್ಲಾ? ಮನೇಲಿ ಯಾರೂ ಇಲ್ಲ, ಮೇಲಿಂದ ಆ ಮೆಟ್ಟಿಲು ಬೇರೆ."

ಮೆಲ್ವಿನ್ ಹೆಡ್‌ಫೋನನ್ನು ಕೆಳಗಿಡದೆ, ತಲೆಯನ್ನೂ ಎತ್ತದೆ ಹೇಳಿದ.

"ನನ್ನ ಮನೇಲಿ ಮೆಟ್ಟಿಲಿಲ್ಲ."