ನೀನು ಇಳಿಯಬೇಕಿದ್ದ ಜಾಗ

ಸಂಗಪ್ಪ, ನಿನ್ನ ಮೊಣಕಾಲು ಹೋದದ್ದು ಆಕಸ್ಮಿಕವಲ್ಲ. ನೀನು ಜಿಗಿದಿದ್ದೆ, ಚೆಂಡು ಇನ್ನೂ ನಿನ್ನ ಬೆರಳ ತುದಿಯಲ್ಲಿತ್ತು, ನೀನು ಎಲ್ಲಿ ಇಳಿಯುತ್ತೀ ಎಂಬುದು ನನಗೆ ಗೊತ್ತಿತ್ತು — ಅಲ್ಲಿಗೆ ನಾನು ನನ್ನ ಬಲಗಾಲನ್ನು ಸರಿಸಿದೆ. ಬೇಕೆಂದೇ ಸರಿಸಿದೆ. ಇಪ್ಪತ್ತೆರಡು ವರ್ಷ ಇದನ್ನು ನುಂಗಿಕೊಂಡು ನಿನ್ನ ಜೊತೆ ಚಹಾ ಕುಡಿದಿದ್ದೇನೆ, ನಿನ್ನ ಮದುವೆಯಲ್ಲಿ ಪಂಕ್ತಿಗೆ ಬಡಿಸಿದ್ದೇನೆ, ನಿನ್ನ ಮಗಳು ಅಕ್ಷತಾಳ ತೊಟ್ಟಿಲು ತೂಗಿದ್ದೇನೆ. ದೋಸ್ತ ಅನ್ನಿಸಿಕೊಂಡಿದ್ದೇನೆ. ಥೂ ನನ್ನ ಬಾಳೇ!

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ನೀನು ಕೇಳಬಹುದು. ಬರುವ ಭಾನುವಾರ ಬಾಗಲಕೋಟೆಯಲ್ಲಿ ಅಕ್ಷತಾಳ ಸೆಲೆಕ್ಷನ್ ಇದೆ. ಕ್ರೀಡಾ ವಸತಿ ಶಾಲೆಯ ಬಾಸ್ಕೆಟ್‌ಬಾಲ್ ಸೀಟು ಸಿಕ್ಕರೆ ಅವಳ ಓದು, ಊಟ, ಆಟ ಎಲ್ಲ ದಾರಿಗೆ ಹತ್ತುತ್ತವೆ. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಈಗ ಆಡುತ್ತಿರುವ ಹಾಗೆ ಆಡಿದರೆ ಆ ಸೀಟು ಅವಳಿಗೆ ಸಿಗುವುದಿಲ್ಲ, ಸಂಗಪ್ಪ. ಅದಕ್ಕೂ ಕಾರಣ ನಾನೇ.

ಮೊದಲಿನಿಂದ ಹೇಳುತ್ತೇನೆ. ಎಲ್ಲ ನಿನಗೆ ಗೊತ್ತಿರುವ ಸಂಗತಿಯೇ ಅನ್ನಿಸಬಹುದು — ಆದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ನಂಬಿಸಿದ್ದು.

ನಮ್ಮ ಅಬ್ಬಾ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿದ್ದರು, ನಿಮ್ಮಪ್ಪನ ಮನೆಯಲ್ಲಿ ಸೀರೆ ನೇಯುವ ಎರಡು ಕುಣಿಮಗ್ಗ. ಸಾಲೆಯ ಮೈದಾನದಲ್ಲಿ ಇದ್ದದ್ದು ಒಂದೇ ಕಂಬ, ಒಂದೇ ರಿಂಗು, ಬಲೆಯೂ ಇರಲಿಲ್ಲ. ಅಲ್ಲೇ ಇಬ್ಬರೂ ಕಲಿತೆವು. ನೀನು ನನಗಿಂತ ಚಲೋ ಆಡುತ್ತಿದ್ದೆ. ಸ್ವಲ್ಪ ಚಲೋ ಅಲ್ಲ, ಬಹಳ ಚಲೋ. ಊರಿಗೆಲ್ಲ ಗೊತ್ತಿದ್ದ ಈ ಮಾತನ್ನು ಇವತ್ತಿನವರೆಗೆ ನನ್ನ ಬಾಯಿ ಒಮ್ಮೆಯೂ ಆಡಿಲ್ಲ.

ಆ ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ಇಪ್ಪತ್ತು ದಿನದ ಕ್ಯಾಂಪ್ ಇತ್ತು. ಲಗ್ನದ ಸೀರೆಗಳ ಹೊತ್ತೆಂದು ನಿಮ್ಮಪ್ಪ ನಿನ್ನನ್ನು ಮಗ್ಗ ಬಿಟ್ಟು ಏಳಗೊಡಲಿಲ್ಲ, ನಾನೊಬ್ಬನೇ ಹೋದೆ. ಅಲ್ಲಿ ಹಳೆಯ ಆಟಗಾರನೊಬ್ಬ ನಮ್ಮನ್ನು ಸುತ್ತ ಕೂಡಿಸಿಕೊಂಡು ಒಂದು ಕೆಟ್ಟ ವಿದ್ಯೆ ತೋರಿಸಿದ. ಎದುರಿನವನು ಶಾಟ್ ಹೊಡೆಯಲು ಜಿಗಿದಾಗ ಕೈ ಮೇಲೆತ್ತಿ ತಡೆಯುವಂತೆ ಮಾಡಿ, ಅವನ ಅಡಿಗೆ ಅರ್ಧ ಹೆಜ್ಜೆ ಹಾಕುವುದು. ಎಲ್ಲರ ಕಣ್ಣು ಚೆಂಡಿನ ಮೇಲಿರುತ್ತದೆ, ರೆಫ್ರಿಯದೂ ಸಹ. ಇಳಿಯುವವನಿಗೆ ನೆಲ ಸಿಗುವುದಿಲ್ಲ, ಇನ್ನೊಬ್ಬನ ಪಾದ ಸಿಗುತ್ತದೆ. “ಇದನ್ನ ಮಾಡ್ರಿ ಅಂತ ಹೇಳಾಕತ್ತಿಲ್ಲ,” ಅಂದ ಆತ. “ನಿಮಗ ಮಾಡೋ ಮಂದಿ ಇರ್ತಾರ, ಹುಷಾರಿರ್ರಿ ಅಂತ ಹೇಳಾಕತ್ತೇನಿ.” ಊರಿಗೆ ಬಂದ ಮೇಲೆ ಕ್ಯಾಂಪಿನಲ್ಲಿ ಕಲಿತದ್ದನ್ನೆಲ್ಲ ನಿನಗೆ ಹೇಳಿಕೊಟ್ಟೆ. ಇದೊಂದನ್ನು ಹೇಳಲಿಲ್ಲ. ಆಗಲೇ ಮನಸ್ಸಿನಲ್ಲಿ ಏನಾದರೂ — ಇಲ್ಲ, ಗೊತ್ತಿಲ್ಲ. ಹೇಳಲಿಲ್ಲ, ಅಷ್ಟೇ.

ಎರಡು ತಿಂಗಳ ಮೇಲೆ ಹೊರರಾಜ್ಯದ ಒಂದು ಇಲಾಖೆಯ ಟೀಮಿನವರು ಆಟಗಾರರನ್ನು ಆರಿಸಲು ಬಾಗಲಕೋಟೆಗೆ ಬಂದರು. ಉಳಿದಿದ್ದದ್ದು ಒಂದೇ ಜಾಗ. ನಲವತ್ತು ಹುಡುಗರು ಇದ್ದವರು ಮಧ್ಯಾಹ್ನದ ಹೊತ್ತಿಗೆ ಆರು ಜನ ಆದೆವು. ನಿನ್ನನ್ನು ತಡೆಯಲು ನನ್ನನ್ನೇ ನಿಲ್ಲಿಸಿದರು. ನೀನು ಸಾಲಾಗಿ ಮೂರು ಶಾಟ್ ನನ್ನ ತಲೆಯ ಮೇಲಿಂದಲೇ ಹಾಕಿದೆ. ನೀರು ಕುಡಿಯಲು ಹೋದಾಗ ಒಬ್ಬ ಸೆಲೆಕ್ಟರ್ ಇನ್ನೊಬ್ಬನಿಗೆ ನಿನ್ನ ಕಡೆ ಕೈ ಮಾಡಿ ಏನೋ ಅಂದ, ಇನ್ನೊಬ್ಬ ತಲೆ ಆಡಿಸಿ ಹಾಳೆಯ ಮೇಲೆ ಬರೆದುಕೊಂಡ. ನನ್ನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಹೌದು, ಹೊಟ್ಟೆಕಿಚ್ಚು. ಬಡತನವಿತ್ತು, ಕೆಲಸ ಬೇಕಿತ್ತು ಎಂದೆಲ್ಲ ಬರೆಯಬಹುದು — ನಿನಗೇನು ಬಡತನ ಇರಲಿಲ್ಲವೇ? ಬೇಡ ಆ ಮಾತು.

ಮುಂದಿನ ಚೆಂಡು ನಿನ್ನ ಕೈಗೆ ಬಂತು. ನೀನು ಎಡಕ್ಕೆ ಹೋದಂತೆ ಮಾಡಿ ನಿಂತು ಜಿಗಿದೆ. ನಿನ್ನ ಕಣ್ಣು ರಿಂಗಿನ ಮೇಲಿತ್ತು. ನಾನು ಕೈ ಎತ್ತಿದೆ, ಕಾಲು ಸರಿಸಿದೆ. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ನೀನು ಮೊಣಕಾಲು ಹಿಡಿದು ನೆಲಕ್ಕೆ ಬಿದ್ದೆ, ನಾನೂ ನಿನ್ನ ಪಕ್ಕಕ್ಕೆ ಬಿದ್ದೆ. ನನಗೇನೂ ಆಗಿರಲಿಲ್ಲ. ನೋಡುವವರಿಗಾಗಿ ಬಿದ್ದೆ.

ಆಗ ನೀನು ಹಲ್ಲು ಕಚ್ಚಿ ಅಂದದ್ದು — ಸಾಯುವತನಕ ನನ್ನ ಕಿವಿಯಿಂದ ಹೋಗದು — “ಲೇ ದಾವಲ್ಯಾ, ನಿನಗ ಪೆಟ್ಟಾತೇನೋ? ತಪ್ಪಾತು ಮಾರಾಯಾ, ನಾ ಕೆಳಗ ನೋಡಲಿಲ್ಲ.”

ನಾನು ಅಂದೆ, “ಇರಲಿ ಬಿಡಲೇ.”

ಇರಲಿ ಬಿಡು ಅಂದೆ! ಕಾಲು ಮುರಿದವನು ನಾನು, ಮುರಿಸಿಕೊಂಡವನು ನೀನು. ತಪ್ಪಾಯಿತು ಅಂದವನು ನೀನು, ಮಾಫ್ ಮಾಡಿದವನು ನಾನು. ಇಂಥ ನ್ಯಾಯ ಯಾವ ಪಂಚಾಯ್ತಿಯಲ್ಲಿದೆ ಹೇಳು.

ದವಾಖಾನೆಯಲ್ಲಿ ಪಟ್ಟಿ ಸುತ್ತಿದರು. ಒಳಗಿನ ನರ ಹರಿದಿದೆ, ಆಪರೇಶನ್ ಆಗಬೇಕು ಅಂದರು. ಸಂಜೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ನಿನ್ನ ಕಾಲು ನನ್ನ ತೊಡೆಯ ಮೇಲಿತ್ತು. ನನ್ನ ಸೆಲೆಕ್ಷನ್ ಕಾಗದ ನನ್ನ ಕಿಸೆಯಲ್ಲಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ನೀನು ಕಿಟಕಿಯಿಂದ ಕೂಗಿ ಕರದಂಟು ತರಿಸಿದೆ. “ನಮ್ಮಿಬ್ಬರಾಗ ಒಬ್ಬರರೆ ಹ್ವಾದ್ವಿ, ಬಾಯಿ ತಗೀಲೇ,” ಎಂದು ನಿನ್ನ ಕೈಯಾರೆ ನನ್ನ ಬಾಯಿಗಿಟ್ಟೆ. ಗೋಡಂಬಿ, ಅಂಟು, ಬೆಲ್ಲ — ಮಣ್ಣು ತಿಂದ ಹಾಗಿತ್ತು. ತಿಂದೆ. ಚಲೋ ಐತಿ ಅಂದೆ.

ಆಪರೇಶನ್ ತಡವಾಯಿತು, ಕಾಲು ಪೂರ್ತಿ ಮಡಚಲಿಲ್ಲ. ಆಟ ಹೋಯಿತು. ಆಟ ಹೋದರೆ ಹೋಗಲಿ, ಮಗ್ಗವೂ ಹೋಯಿತು. ಕುಣಿಗೆ ಕಾಲು ಇಳಿಬಿಟ್ಟು ದಿನವಿಡೀ ಪಾವಟಿಗೆ ತುಳಿಯುವ ಕೆಲಸಕ್ಕೆ ಮಡಚದ ಕಾಲು ಏನು ಮಾಡೀತು? ನಿಮ್ಮಪ್ಪ ಒಂದು ಮಗ್ಗ ಕಿತ್ತು ಮಾರಿದ ದಿನ ನಾನು ಊರಿನಲ್ಲಿ ಇರಲಿಲ್ಲ. ನಾನು ಭಿಲಾಯಿಯಲ್ಲಿ ಹೊಸ ಬೂಟು ಹಾಕಿಕೊಂಡು ಓಡುತ್ತಿದ್ದೆ. ನೀನು ಬೇರೆಯವರ ಸೀರೆ ಅಂಗಡಿಯ ಗಾದಿಯ ಮೇಲೆ ಒಂದು ಕಾಲು ಚಾಚಿ ಕೂತು ಸೀರೆ ಬಿಚ್ಚಿ ತೋರಿಸುವವನಾದೆ.

ನನ್ನ ಕಥೆಯಾದರೂ ಏನು? ಭಿಲಾಯಿ, ಇಂದೋರ, ಕೊಯಮತ್ತೂರು, ಲುಧಿಯಾನಾ... ಹನ್ನೊಂದು ವರ್ಷ, ಎಂಟು ಟೀಮು. ಒಂದೂ ನನ್ನನ್ನು ಕಾಯಂ ಮಾಡಲಿಲ್ಲ. ಬಾಡಿಗೆ ಎತ್ತಿನ ಹಾಗೆ ಹಂಗಾಮಿಗೊಂದು ನೊಗ. ಯಾಕೆ ಬಿಡುತ್ತಿದ್ದರು ಗೊತ್ತೇ? ಎದುರಿನವನು ಜಿಗಿದ ಕೂಡಲೇ ನನ್ನ ಕಾಲು ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಅರ್ಧ ಹೆಜ್ಜೆ. ಅಷ್ಟು ಜಾಗ ಸಿಕ್ಕರೆ ಸಾಕು, ಅವನು ಆರಾಮಾಗಿ ಚೆಂಡು ಹಾಕುತ್ತಿದ್ದ. “ಹತ್ತಿರ ಹೋಗು, ಹತ್ತಿರ ಹೋಗು” ಎಂದು ಎಂಟು ಊರಿನ ಕೋಚ್‌ಗಳು ನನಗೆ ಬೈದರು. ನಾನು ಹೋಗಲಿಲ್ಲ, ಹೋಗಲು ಆಗಲಿಲ್ಲ. ಒಂದು ಕಾಲದಲ್ಲಿ ಇದೇ ನನಗೆ ಸಿಕ್ಕ ಶಿಕ್ಷೆ, ಲೆಕ್ಕ ಚುಕ್ತಾ ಆಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾಚಿಕೆಗೇಡಿ ಸಮಾಧಾನ. ನನ್ನ ಶಿಕ್ಷೆಯಿಂದ ನಿನ್ನ ಕಾಲಿಗೆ ಏನು ಬಂತು?

ನಮ್ಮ ಅಮ್ಮಿ ಹೇಳುತ್ತಿರುತ್ತಾಳೆ — ಖುದಾನ ಹಕ್ಕನ್ನು ತಪ್ಪಿಸಿದರೆ ಖುದಾ ಮಾಫ್ ಮಾಡಿಯಾನು. ಮನುಷ್ಯನ ಹಕ್ಕನ್ನು ಕಸಿದರೆ ಆ ಮನುಷ್ಯನೇ ಮಾಫ್ ಮಾಡಬೇಕು, ಖುದಾನೂ ನಡುವೆ ಬರುವುದಿಲ್ಲ. ಇದನ್ನು ತಿಳಿದೂ ತಿಳಿದೂ ನಾನು ನಮಾಜಿಗೆ ನಿಂತಿದ್ದೇನೆ. ಊರಿಗೆ ಬಂದಾಗಲೆಲ್ಲ ನಿನಗೆ ಒಂದೊಂದು ಟೀಮಿನ ಹಳೆಯ ಜರ್ಸಿ ತಂದುಕೊಡುತ್ತಿದ್ದೆ. ನೀನು ಹಿಗ್ಗುತ್ತಿದ್ದೆ. ಯಾರಾದರೂ ನಿನ್ನ ಕಾಲಿನ ಮಾತೆತ್ತಿದರೆ ನನ್ನ ಕಣ್ಣು ನನ್ನ ಬಲಪಾದದ ಕಡೆಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ಪಾದ ನೋಡಿಕೊಳ್ಳುತ್ತಿದ್ದೆ. ನಿನಗೆ ಒಮ್ಮೆಯೂ ಸಂಶಯ ಬರಲಿಲ್ಲ.

ಆಟ ಬಿಟ್ಟ ಮೇಲೂ ಹತ್ತು ವರ್ಷ ಹೊರಗೇ ಅದೂ ಇದೂ ಕೆಲಸ ಮಾಡಿ, ಹೋದ ವರ್ಷ ಎಲ್ಲ ಮುಗಿಸಿ ಊರಿಗೆ ಬಂದು ಮಕ್ಕಳಿಗೆ ಆಟ ಕಲಿಸತೊಡಗಿದಾಗ ನೀನು ಅಕ್ಷತಾಳನ್ನು ಕರೆದುಕೊಂಡು ಬಂದೆ. ನನ್ನ ಇಂದೋರಿನ ಜರ್ಸಿ ಅವಳ ಮೊಣಕಾಲವರೆಗೆ ಜೋಲುತ್ತಿತ್ತು. “ನಿನ್ನ ಕೈಯಾಗ ಕೊಟ್ಟೇನಿ ನೋಡಪಾ,” ಅಂದೆ. ಅವಳ ಕೈ ನಿನ್ನ ಕೈಯೇ, ಸಂಗಪ್ಪ. ನಿಂತು ಹಾಕಿದರೆ ಹತ್ತಕ್ಕೆ ಒಂಬತ್ತು ಬೀಳುತ್ತವೆ. ಜಿಗಿದು ಹಾಕಿದರೆ ಮಾತ್ರ ಕೆಡುತ್ತದೆ. ಚೆಂಡು ಬಿಡುವ ಹೊತ್ತಿಗೆ ಸರಿಯಾಗಿ ಅವಳ ಕಣ್ಣು ರಿಂಗು ಬಿಟ್ಟು ನೆಲಕ್ಕೆ ಇಳಿಯುತ್ತದೆ. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಮೊಣಕೈ. ಚೆಂಡು ರಿಂಗಿನ ಮುಂದಂಚಿಗೆ ಬಡಿದು ವಾಪಸು ಬರುತ್ತದೆ. ತಿಂಗಳುಗಟ್ಟಲೆ ತಿದ್ದಿದೆ. ಬಗ್ಗಲಿಲ್ಲ. ನನ್ನ ಸಿಟ್ಟು ನಿನಗೆ ಗೊತ್ತೇ ಇದೆ. ಹದಿನೈದು ದಿನದ ಕೆಳಗೆ ಎಲ್ಲರೆದುರಿಗೆ ಹರಿಹಾಯ್ದೆ: “ನೆಲದಾಗೇನು ಬಂಗಾರ ಬಿದ್ದೈತೇನು? ಮ್ಯಾಲ ನೋಡಂದ್ರ ಮ್ಯಾಲ ನೋಡು!”

ಹುಡುಗಿ ಅತ್ತುಬಿಟ್ಟಳು. “ಕಾಕಾ, ಅಪ್ಪಾ ಹೇಳ್ಯಾನ್ರಿ. ಕೆಳಗ ನೋಡಲಾರದ ಜಿಗದದ್ದಕ್ಕ ಅಂವನ ಕಾಲು ಹೋತಂತ. ಎಲ್ಲಿ ಇಳೀತೀ ಅಂತ ಮೊದಲ ನೋಡ್ಕೋ ಅಂತ ದಿನಾ ಹೇಳ್ತಾನ. ನೀವೂ ಅಲ್ಲೇ ಇದ್ರೆಲ್ರಿ, ಖರೆ ಹೌದಲ್ರಿ?”

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನಿನ್ನ ಕಾಲಿನೊಳಗೆ ನಾನು ಇಟ್ಟ ಸುಳ್ಳು ಅವಳ ಕಣ್ಣಿಗೆ ಬಂದು ಕೂತಿದೆ. ನೀನು ಪ್ರೀತಿಯಿಂದಲೇ ಅದನ್ನು ಅವಳಿಗೆ ಪಾಠ ಮಾಡಿ ಕಲಿಸಿದ್ದೀ. ಅಲ್ಲಿಯೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ ಕೂಡ.

“ಹೂಂ,” ಅಂದೆ. “ಖರೆ.”

ಇಪ್ಪತ್ತೆರಡು ವರ್ಷದ ಹಿಂದಿನದ್ದು ಹುಡುಗಾಟದ ವಯಸ್ಸಿನ ಪಾಪ ಎಂದು ಯಾರಾದರೂ ಅಂದಾರು. ಇದಕ್ಕೆ ಏನನ್ನುತ್ತಾರೆ? ನಲವತ್ತು ದಾಟಿದವನು, ಅಳುವ ಮಗುವಿನ ಮುಂದೆ.

ನಿನ್ನೆ ಮಧ್ಯಾಹ್ನ ಹೇಳಿಯೇ ತೀರಬೇಕೆಂದು ಅಂಗಡಿಗೆ ಬಂದೆ. ಬಾದಾಮಿ ಕಡೆಯವರು ಲಗ್ನದ ಸೀರೆಗೆ ಬಂದು ಕೂತಿದ್ದರು. ಅವರಲ್ಲೊಬ್ಬ ಮುದುಕಿ ನಿನ್ನ ಚಾಚಿದ ಕಾಲು ನೋಡಿ, “ಕಾಲಿಗೇನಾಗೈತೋ ಯಪ್ಪಾ?” ಎಂದು ಕೇಳಿದಳು. ನೀನು ನಕ್ಕೆ. “ನಂದ ತಪ್ಪು ಬಿಡವಾ. ಆಟದಾಗ ಕೆಳಗ ನೋಡಲಿಲ್ಲ, ಇಂವನ ಕಾಲ ಮ್ಯಾಲ ಬಿದ್ದೆ. ಪಾಪ, ಇಂವಗೂ ಪೆಟ್ಟಾಗಿತ್ತು. ಈಗ ನನ್ನ ಮಗಳನ್ನ ಇಂವನ ತಯಾರ್ ಮಾಡಾಕತ್ತಾನ.” ಮುದುಕಿ ನನ್ನ ಕಡೆ ತಿರುಗಿ, “ನಿನ್ನ ಹೊಟ್ಟಿ ತಣ್ಣಗಿರಲೆಪ್ಪಾ,” ಎಂದು ಹರಸಿದಳು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಕೆಲಸ ಇದೆ ಎಂದು ಅದಕ್ಕೂ ಒಂದು ಸುಳ್ಳು.

ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಯನ್ನು ನಂಬುವ ಹಾಗಿಲ್ಲ. ನಾಳೆ ನೀನು ಅಂಗಡಿ ತೆರೆಯುವ ಹೊತ್ತಿಗೆ ಬಂದು ಇದನ್ನು ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವತನಕ ಎದುರಿಗೇ ಕೂಡುತ್ತೇನೆ. ಬೈಯುತ್ತೀಯೋ, ಹೊಡೆಯುತ್ತೀಯೋ, ನನ್ನ ಅಮ್ಮಿಯ ಮುಂದೆ ನಿಲ್ಲಿಸುತ್ತೀಯೋ, ನಿನಗೆ ಬಿಟ್ಟದ್ದು. ಮಾಫ್ ಮಾಡು ಎಂದು ಕೇಳುವುದಿಲ್ಲ. ಅದನ್ನು ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಸಂಜೆ ಅಕ್ಷತಾಳಿಗೆ ಕೋರ್ಟಿನಲ್ಲಿ ನಾನೇ ಹೇಳುತ್ತೇನೆ, ನೀನು ಬೇಡವೆಂದರೂ ಹೇಳುತ್ತೇನೆ. ಆಮೇಲೆ ಅವಳಿಗೆ ನನ್ನ ಮುಖ ಬೇಡವಾದರೆ ಬಾಗಲಕೋಟೆಯಲ್ಲಿ ಆಟ ಕಲಿಸುವ ಮೇಡಮ್ಮೊಬ್ಬರ ಜೊತೆ ಮಾತಾಡಿದ್ದೇನೆ; ಭಾನುವಾರದವರೆಗೆ ಅವರು ನೋಡಿಕೊಳ್ಳುತ್ತಾರೆ.

ಇನ್ನೂ ಒಂದು ಉಳಿದಿದೆ. ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಕಾಲಿನದ್ದಕ್ಕಿಂತ ಇದು ಸಣ್ಣದು, ಆದರೂ ಬರೆಯುವುದು ಕಷ್ಟವಾಗುತ್ತಿದೆ.

ಆ ದಿನ ಬಸ್ಸು ಹುನಗುಂದ ದಾಟಿದ ಮೇಲೆ, ನೀನು ಕಣ್ಣು ಮುಚ್ಚಿದ್ದವನು ಕೇಳಿದೆ: “ಆ ಬಾಲ್ ಬಿತ್ತೇನಲೇ?” ನಾನು ಇಲ್ಲ ಅಂದೆ. ರಿಂಗಿಗೆ ತಾಕಿ ಹೊರಗೆ ಹೋಯಿತು ಅಂದೆ. ನೀನು “ಹೋಗ್ಲಿ ಬಿಡು” ಅಂದೆ.

ಆ ಸದ್ದಿಗೆ ಅಲ್ಲಿದ್ದವರೆಲ್ಲ ಚೆಂಡು ಬಿಟ್ಟು ನಿನ್ನ ಕಡೆಗೆ ತಿರುಗಿ ಓಡಿ ಬರುತ್ತಿದ್ದರು, ಯಾರೂ ಮೇಲೆ ನೋಡಲಿಲ್ಲ. ನಿನ್ನ ಮುಖ ನೋಡುವ ಧೈರ್ಯವಿಲ್ಲದೆ ನಾನು ಆ ಕಡೆ ಕತ್ತು ತಿರುಗಿಸಿದ್ದೆ, ಅದಕ್ಕೇ ನನಗೊಬ್ಬನಿಗೆ ಕಂಡಿತು. ಬಿದ್ದಿತ್ತು ಸಂಗಪ್ಪ. ಎಲ್ಲಿಗೂ ತಾಕದೆ ನೆಟ್ಟಗೆ ಬಿದ್ದಿತ್ತು. ನೀನು ನೋಡಬೇಕಾದ ಕಡೆಗೇ ನೋಡುತ್ತಿದ್ದೆ.