ಗುರುನಾಥ ಬಾರಿಸದ ಗಿಟಾರು

ಗುರುನಾಥ, ನಮ್ಮ ಕ್ಯಾಸೆಟ್ಟಿನ ಕೊನೆಯ ಹಾಡಿನಲ್ಲಿ ಎಲ್ಲರೂ ಮೆಚ್ಚುವ ಆ ಗಿಟಾರು ನಿನ್ನದಲ್ಲ. ಅದನ್ನು ಬಾರಿಸಿದವನು ನಾನು. ನೀನು ಬಾರಿಸಿದ್ದನ್ನು ಅಳಿಸಿದವನೂ ನಾನೇ.

ವಾಕ್ಯರಚನೆ ಕಲಿಸಿಯೇ ಹೊಟ್ಟೆ ಹೊರೆದವನು ನಾನು. ಆದರೂ ಇಷ್ಟನ್ನು ಬರೆಯಲು ಅರ್ಧ ಆಯುಷ್ಯ ಬೇಕಾಯಿತು. ನಿನ್ನನ್ನು ಹೊಗಳಿದವರೆಲ್ಲ ಓದಲಿ ಎಂದು ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅದಕ್ಕೆ ಮೊದಲು ನಿನ್ನೆದುರು ನಾನೇ ಓದುತ್ತೇನೆ.

ಪುಣೆಯಲ್ಲಿ ಕನ್ನಡದ ರಾಕ್ ತಂಡವೆಂದರೆ ಆಗ ಜನ ನಗುತ್ತಿದ್ದರು. ಗಿಟಾರು ಮತ್ತು ಕಂಠ ನಿನ್ನದು, ಡ್ರಮ್ಮು ಮಿಲಿಂದನದು, ಬೇಸ್ ಗಿಟಾರು ನನ್ನದು. ಹಗಲೆಲ್ಲ ಕನ್ನಡ ಶಾಲೆಯಲ್ಲಿ ವ್ಯಾಕರಣ, ಸಂಜೆಯಾದರೆ ಸ್ವಾರಗೇಟಿನ ಹಿಂದಿನ ಗೋದಾಮಿನಲ್ಲಿ ಹಾಡು. ನೀವಿಬ್ಬರೂ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮಾಸ್ತರ ಎಂದೇ ಕರೆದಿರಿ.

ಬಾಡಿಗೆಗೆ ತಂದ ಧ್ವನಿಮುದ್ರಣ ಯಂತ್ರದಲ್ಲಿ ನಾಲ್ಕೇ ಟ್ರ್ಯಾಕುಗಳಿದ್ದವು, ನಾಲ್ಕೂ ತುಂಬಿದ್ದವು. ಹೊಸದನ್ನು ಸೇರಿಸಬೇಕಾದರೆ ಹಳೆಯದರ ಮೇಲೆಯೇ ಮುದ್ರಿಸಬೇಕು. ನೀನು ನಿನ್ನ ಭಾಗ ಮುಗಿಸಿ ತಂಗಿಯ ಮದುವೆಗೆಂದು ಕಲಬುರ್ಗಿಗೆ ಹೋದೆ. ಉಳಿದದ್ದನ್ನು ಸರಿಪಡಿಸುವ ಹೊಣೆ ನನ್ನದಾಯಿತು. ಟೇಪು ಹಚ್ಚಿ ಕೇಳಿದೆ. ನಿನ್ನ ಗಿಟಾರು ತಾಳಕ್ಕಿಂತ ಹಿಂದೆ ಎಳೆಯುತ್ತಿತ್ತು. ಒಂದು ಸ್ವರವಂತೂ ಸೇರಬೇಕಾದಲ್ಲಿಗೆ ಸೇರದೆ, ಸ್ವಲ್ಪ ಕೆಳಗೇ ನಿಂತುಬಿಟ್ಟಿತ್ತು. ತಪ್ಪು ಕಂಡಲ್ಲಿ ಕೆಂಪು ಶಾಯಿ ಎಳೆಯುವುದು ನನಗೆ ಅಭ್ಯಾಸ —

ನೀನು ಬಿಟ್ಟುಹೋದ ಗಿಟಾರನ್ನೇ ಎತ್ತಿಕೊಂಡೆ. ಆದರೆ ನಾನು ಬಯಸಿದ ವೇಗ ನನ್ನ ಕೈಗೆ ಬರುವಂಥದಾಗಿರಲಿಲ್ಲ. ಆದುದರಿಂದ ಟೇಪಿನ ವೇಗವನ್ನು ತಗ್ಗಿಸಿದೆ. ಹಾಡು ತೂಕಡಿಸುತ್ತ ಸಾಗಿದಂತೆ ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೊಂದೇ ಸ್ವರವನ್ನು ಬಾರಿಸಿದೆ. ಮೂಲ ವೇಗಕ್ಕೆ ಮರಳಿಸಿದಾಗ ಅದು ಮಿಂಚಿತು. ಮನುಷ್ಯರ ಬೆರಳು ಹಾಗೆ ಓಡಲಾರದು — ಅದು ಆಗಲೇ ನನಗೆ ತಿಳಿದಿತ್ತು.

ನೀನು ಊರಿಂದ ಬಂದು ಕೇಳಿದೆ. ಹುಬ್ಬು ಗಂಟಿಕ್ಕಿದೆ. "ಇದು ನಾ ಬಾರಿಸಿದ್ದೇನಲೇ, ಮಾಸ್ತರ?"

"ಮತ್ಯಾರು? ಮದುವಿ ಊಟದಾಗ ಎಲ್ಲಾ ಮರ್ತು ಬಂದಿಯೇನು?"

ಮಿಲಿಂದ ನಕ್ಕ. ನೀನೂ ನಕ್ಕೆ. ಆ ನಗೆಯ ಮರೆಯಲ್ಲಿ ನಾನು ಇಂದಿನವರೆಗೂ ಅಡಗಿದ್ದೇನೆ.

ಕ್ಯಾಸೆಟ್ಟು ನಮ್ಮ ಎಣಿಕೆಗೂ ಮೀರಿ ಕೈಯಿಂದ ಕೈಗೆ ಹೋಯಿತು. ಅದರ ನಂತರದ ಮೊದಲ ಕಾರ್ಯಕ್ರಮದಲ್ಲಿ ನಿನ್ನ ಬೆರಳುಗಳು ಆ ಓಟವನ್ನು ಹಿಡಿಯಲಾರದೆ ಮುಗ್ಗರಿಸಿದವು. "ಕ್ಯಾಸೆಟ್ ಸಾರಖಂ ವಾಜವ್ ಕೀ," ಕ್ಯಾಸೆಟ್ಟಿನ ಹಾಗೆ ಬಾರಿಸು ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ನೀನು ಗಿಟಾರನ್ನು ಚೀಲಕ್ಕೆ ಹಾಕುತ್ತ, "ಅವತ್ತ ಕೈಯಾಗ ಏನೋ ಬಂದಿತ್ತು, ಮಾಸ್ತರ. ಇನ್ನ ಬರೂದಿಲ್ಲ," ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ನೀನು ಕುರಕುಂಭದ ಕಡೆ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದೆ. ತಂಡ ಅಲ್ಲಿಗೆ ಮುಗಿಯಿತು.

ಈಗ ನಾವು ಅದೇ ಕ್ಯಾಸೆಟ್ಟನ್ನು ಮತ್ತೆ ಮುದ್ರಿಸುತ್ತಿದ್ದೇವೆ. ಹಳೆಯ ಧ್ವನಿಮುದ್ರಣದ ಹಕ್ಕು ಅಂದು ಕ್ಯಾಸೆಟ್ಟು ಮಾರಿದ ಕಂಪನಿಯದು, ನಮ್ಮ ಕೈಯಲ್ಲಿಲ್ಲ. ನಮ್ಮ ಹಾಡುಗಳನ್ನು ನಮ್ಮವೆನ್ನಬೇಕಾದರೆ ಹೊಸದಾಗಿ ಬಾರಿಸಬೇಕು. ಕೇಳುಗರು ಬಯಸುವುದು ಹಳೆಯದನ್ನೇ. ಆದುದರಿಂದ ಒಂದು ಸ್ವರವೂ ಬದಲಾಗಕೂಡದೆಂದು ಮಿಲಿಂದನ ಹಟ. ಪ್ರತಿಯೊಬ್ಬರೂ ಕಿವಿಗೆ ಹಳೆಯ ಕ್ಯಾಸೆಟ್ಟಿನ ಧ್ವನಿ ಹಚ್ಚಿಕೊಂಡು ಅಂದಿನ ತಮ್ಮನ್ನೇ ಅನುಕರಿಸಬೇಕು. ನೀನು ಮಾತ್ರ, ಗುರುನಾಥ, ನನ್ನನ್ನು ಅನುಕರಿಸುತ್ತಿದ್ದೆ.

ಮೊದಲ ದಿನದಿಂದಲೇ ನನಗೆ ನಿನ್ನ ಮೇಲೆ ಸಂಶಯ. "ಅವತ್ತಿನ ಟೇಪು ಯಾರ ಕಡೆ ಇತ್ತು?" ಎಂದು ನೀನು ಚಹಾ ಕುಡಿಯುತ್ತ ಕೇಳಿದೆ — ಏಕೆ ಕೇಳಿದೆ? "ನನ್ನ ಗಿಟಾರಿನ ದನಿ ಇಷ್ಟು ತೆಳು ಇತ್ತೇನು?" ಎಂದೆ. ಹಾಗೆನ್ನುವಾಗ ನನ್ನತ್ತ ನೋಡಿದೆಯೋ, ಗೋಡೆಯತ್ತ ನೋಡಿದೆಯೋ? ನೀನು ತಪ್ಪಿದಾಗಲೆಲ್ಲ ಕೈ ಕೊಡವಿಕೊಳ್ಳುತ್ತಿದ್ದೆ. ಅದನ್ನೂ ನಾನು ನಂಬಲಿಲ್ಲ. ನನ್ನ ಬಾಯಿ ಬಿಡಿಸಲು ಬೇಕೆಂದೇ ತಪ್ಪುತ್ತಿದ್ದಾನೆ ಎಂದುಕೊಂಡೆ. ಅಪರಾಧ ನನ್ನದು, ಕಾವಲು ನಿನ್ನ ಮೇಲೆ.

ಆಮೇಲೆ ಒಂದು ಮುಂಜಾನೆ ನಿನ್ನ ಹೆಂಡತಿ ಶೈಲಾ ಫೋನು ಮಾಡಿದರು. "ಮಾಸ್ತರ್, ಇವರ ಕೈ ಭಾಳ ಕೆಟ್ಟಾವಂತರಿ. ನರದ ಡಾಕ್ಟರ ಕಡೆ ಹೋಗಿ ಬಂದ್ವಿ. ಅವರು ಏನೂ ಆಗಿಲ್ಲ ಅಂತಾರ. ಇವರು ಕೇಳವಲ್ಲರು, ಮತ್ತೊಬ್ಬ ಡಾಕ್ಟರ್ ಹುಡುಕಾಕತ್ಯಾರ. ನೀವರ ಹೇಳ್ರಿ, ನಿಮ್ಮ ಮಾತು ಕೇಳ್ತಾರ."

ನನ್ನ ಮಾತನ್ನು ನೀನು ಕೇಳುತ್ತೀಯೆಂದು ಆಕೆಗೂ ಗೊತ್ತು. ಅಂದೂ ಕೇಳಿದ್ದೆ.

ಮತ್ತೆ ನಿನ್ನೆ. ಮಿಲಿಂದ ಹೊರಗೆ ಹೋಗಿದ್ದ. ನೀನು ಗಿಟಾರನ್ನು ನನ್ನ ತೊಡೆಯ ಮೇಲಿಟ್ಟೆ. "ಈ ತುಣುಕು ನೀ ಬಾರಿಸಿಬಿಡು, ಮಾಸ್ತರ. ನಿನ್ನ ಕೈ ಇನ್ನೂ ಗಟ್ಟಿ ಅದ. ಹೆಸರು ನಂದೇ ಇರಲಿ. ಯಾರಿಗೂ ಹೇಳೂದು ಬ್ಯಾಡ."

ನಾನು ನಿನ್ನ ಮುಖವನ್ನು ದಿಟ್ಟಿಸಿದೆ — ಇಷ್ಟು ನೇರವಾಗಿ ಒಬ್ಬನು ತಿಳಿಯದೆ ನುಡಿಯಬಲ್ಲನೇ? ಅಲ್ಲಿ ವ್ಯಂಗ್ಯ ಕಾಣಲಿಲ್ಲ. ಅಥವಾ ಕಾಣಬಲ್ಲ ಕಣ್ಣು ನನಗಿರಲಿಲ್ಲ. "ನೋಡೋಣ," ಎಂದು ಗಿಟಾರನ್ನು ಹಿಂದಿರುಗಿಸಿದೆ. ನೀನು ಬಲಗೈಯಿಂದ ಎಡಗೈಯ ಬೆರಳುಗಳನ್ನು ನೀವಿಕೊಳ್ಳುತ್ತ ಕುಳಿತೆ.

ನಿನಗೆ ಮೊದಲೇ ತಿಳಿದಿತ್ತೇ ಎಂದು ನಾನು ಕೇಳುವುದಿಲ್ಲ. ತಿಳಿದಿದ್ದರೂ ನಾನು ಹೇಳಬೇಕಾದದ್ದು ಕಡಿಮೆಯಾಗುವುದಿಲ್ಲ. ನಾಳೆ ಮಿಲಿಂದನ ಎದುರಿನಲ್ಲಿ, ಶೈಲಾ ಅವರನ್ನೂ ಕರೆಸಿ, ಹಳೆಯ ಕ್ಯಾಸೆಟ್ಟಿನ ವೇಗವನ್ನು ಅಂದಿನಷ್ಟೇ ತಗ್ಗಿಸಿ ಹಚ್ಚುತ್ತೇನೆ. ಮಿಂಚು ಹೋಗಿ ಉಳಿಯುವುದನ್ನು ಕೇಳು — ಮೆತ್ತಗೆ, ತಪ್ಪಿಲ್ಲದೆ, ಅಂಜುತ್ತ ಬಾರಿಸುವ ಒಂದು ಕೈ. ಅದು ಯಾರದೆಂದು ನಿನಗೆ ಕೂಡಲೇ ಗುರುತು ಹತ್ತುತ್ತದೆ. ನಿನ್ನ ಕೈಗೆ ಏನೂ ಆಗಿಲ್ಲ, ಗುರುನಾಥ. ಅಂದೂ ಆಗಿರಲಿಲ್ಲ.

ನೀನು ಬಾರಿಸಿದ್ದನ್ನು ನಾನು ಹಿಂದಿರುಗಿಸಲಾರೆ. ಅದನ್ನು ಕೊನೆಯದಾಗಿ ಕೇಳಿದವನು ನಾನು. ಎಷ್ಟು ಪ್ರಯತ್ನಿಸಿದರೂ ಈಗ ನೆನಪಿಗೆ ಬರುವುದು ಒಂದೇ — ನಾನು ತಪ್ಪೆಂದು ತೀರ್ಮಾನಿಸಿದ, ಸ್ವಲ್ಪ ಕೆಳಗೇ ನಿಂತ ಆ ಸ್ವರ.