ಕೊನೆತನಕ ಎಳೆದ ಬೆಲ್ಟು

ಕಲಬುರಗಿಯಿಂದ ಹೈದರಾಬಾದಿಗೆ ಬಂದು, ಕಂಡವರ ಮನೆಗೆ ಟೈಲ್ಸ್ ಕೂರಿಸುತ್ತಲೇ ತಲೆ ನರೆತ ಗುರುಶಾಂತನಿಗೆ ಒಂದೇ ಹುಚ್ಚು: ಹಳೆಯದಾದರೂ ಸರಿ, ಶ್ರೀಮಂತರು ಓಡಿಸಿದ ಎಸ್‌ಯುವಿಯೊಂದು ತನ್ನದಾಗಬೇಕು. ಕೈಗೆಟುಕುವಂಥದ್ದು ಕೊನೆಗೂ ಅದೇ ಊರಿನ ಉಪ್ಪಲ್‌ನಲ್ಲಿ, ಹಳೆ ಕಾರು ಮಾರುವಲ್ಲಿ ಸಿಕ್ಕಿತು.

“ನೀರಾಗ ಮುಳುಗಿದ ಗಾಡಿ ಅಲ್ಲ, ಹೌದಲ್ರಿ?”

“ಒಂದ್ ಹನಿ ಸೈತ ಮುಟ್ಟಿಲ್ರಿ ಅಣ್ಣಾ” ಎಂದ ಬೀದರ ಕಡೆಯ ದಲ್ಲಾಳಿ.

ಬಾಯಿಮಾತು ನಂಬುವ ಜಾಯಮಾನ ಗುರುಶಾಂತನದಲ್ಲ. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ, ಒಳಗೆ ಸುತ್ತಿಕೊಂಡಿರುವ ಸೀಟ್ ಬೆಲ್ಟಿನ ತುದಿಯಲ್ಲಿ ಕೆಸರು ಉಳಿದಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತು ಬೆಲ್ಟನ್ನು ಕೊನೆತನಕ ಎಳೆದ. ಒಣಮಣ್ಣು ಮಡಿಲಿಗೆ ಉದುರಿತು. ನೀರು ಎಲ್ಲಿಯವರೆಗೆ ಏರಿತ್ತೋ ಎಂದು ತಲೆ ಎತ್ತಿದ. ಚಾವಣಿಯ ಬಟ್ಟೆಯ ಮೇಲೆ, ತೊಳೆದರೂ ಹೋಗದ ಪುಟ್ಟ ಅಂಗೈ ಗುರುತುಗಳು ಕಿಟಕಿಯತ್ತ ಸಾಗಿದ್ದವು.

ಅವನ ಹಿಡಿತ ಸಡಿಲಾಯಿತು. ಒಳಗಿನಿಂದ ಯಾರೋ ಎಳೆದುಕೊಂಡಂತೆ, ಬೆಲ್ಟು ಮೆಲ್ಲಗೆ ಕೈಯಿಂದ ಜಾರತೊಡಗಿತು.